ಆ ವೈರು ಅಲ್ಲೇ ಇರಲಿ ಬಿಡಿ

ಫೋನಿನಲ್ಲಿ ಈಗ ಒಂದು ಚಮತ್ಕಾರ ಇದೆ, ನೀವೂ ನೋಡಿರುತ್ತೀರಿ. ಫೋಟೋದಲ್ಲಿ ಬೇಡದ್ದರ ಮೇಲೆ ಬೆರಳು ಆಡಿಸಿದರೆ ಸಾಕು. ಕರೆಂಟ್ ಕಂಬ ಮಾಯ, ವೈರು ಮಾಯ, ಅಡ್ಡ ನಿಲ್ಲಿಸಿದ್ದ ಸ್ಕೂಟರ್ ಮಾಯ. ಇವತ್ತು ಅದರ ಮೇಲೆ ಜಗಳ ತೆಗೆಯೋಣ ಅಂತಲೇ ಕೂತಿದ್ದೇನೆ.

ದೂರದ ಬೆಟ್ಟಕ್ಕೋ ಜಲಪಾತಕ್ಕೋ ಹೋದಾಗ ಏನು ಬೇಕಾದರೂ ಅಳಿಸಿಕೊಳ್ಳಿ, ನನ್ನ ತಕರಾರಿಲ್ಲ. ನಾನು ಹೇಳುತ್ತಿರುವುದು ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಜಾಗಗಳ ಮಾತು. ನೀರಿನ ಟ್ಯಾಂಕು, ತಿರುವಿನ ದೊಡ್ಡ ಮರ, ಹಳೇ ಗೇಟು, ಪಾರ್ಕಿನ ಮೆಟ್ಟಿಲು. ಇವುಗಳ ಫೋಟೋ ತೆಗೆಯುವಾಗಲೂ ನಾವು ಪೋಸ್ಟ್‌ಕಾರ್ಡ್ ಮಾಡಲು ಹೊರಡುತ್ತೇವೆ. ಎಡವುವುದು ಅಲ್ಲೇ.

ನಾನೂ ಎಡವಿದವನೇ. ನಮ್ಮ ಬೀದಿ ಕೊನೆಯ ಟ್ಯಾಂಕಿನ ಫೋಟೋ ವರ್ಷಗಟ್ಟಲೆ ತೆಗೆದೆ. ಅದರ ಬುಡದಲ್ಲಿ ತುಕ್ಕು ಹಿಡಿದ ಪೋಸ್ಟ್ ಡಬ್ಬ ಒಂದಿತ್ತು. ಪ್ರತಿ ಸಲ ಒಂದು ಹೆಜ್ಜೆ ಬಲಕ್ಕೆ ಸರಿದು ಅದನ್ನು ಚೌಕಟ್ಟಿನಿಂದ ಆಚೆ ಹಾಕುತ್ತಿದ್ದೆ. ಒಂದು ದಿನ ಹೋಗಿ ನೋಡಿದರೆ ಡಬ್ಬವೇ ಇಲ್ಲ. ಟ್ಯಾಂಕು ಈಗಲೂ ನಿಂತಿದೆ, ನಾಳೆಯೂ ತೆಗೆಯಬಹುದು. ಡಬ್ಬದ್ದು ಮಾತ್ರ ಒಂದು ಫೋಟೋನೂ ಇಲ್ಲ. ಯಾವುದೋ ಒಂದರಲ್ಲಿ ಅದರ ನೆರಳಿನ ತುದಿ ಬಿದ್ದಿದೆ, ಅಷ್ಟೇ.

1838ರಲ್ಲಿ ಡಾಗೇರ್, ಫೋಟೋಗ್ರಫಿ ಶುರುಮಾಡಿದವರಲ್ಲಿ ಒಬ್ಬ, ಪ್ಯಾರಿಸಿನ ಬುಲೆವಾರ್ಡ್ ದು ಟೆಂಪ್ಲ್ ರಸ್ತೆಯ ಚಿತ್ರ ತೆಗೆದ. ಎತ್ತರದ ಕಿಟಕಿಯಿಂದ. ಗಿಜಿಗುಡುವ ರಸ್ತೆ ಅದು, ಚಿತ್ರದಲ್ಲಿ ನೋಡಿದರೆ ಖಾಲಿ ಖಾಲಿ. ಆಗ ಚಿತ್ರ ಮೂಡಿಸುತ್ತಿದ್ದ ಲೋಹದ ತಟ್ಟೆಗೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಗಾಡಿಗಳು, ನಡೆದು ಹೋಗುವವರು ಅಷ್ಟು ಹೊತ್ತು ಎಲ್ಲಿ ನಿಲ್ಲುತ್ತಾರೆ? ಮೂಡಲೇ ಇಲ್ಲ. ಸ್ಪಷ್ಟವಾಗಿ ಉಳಿದವನು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ. ಇವತ್ತು ಆ ಚಿತ್ರ ನೋಡುವವರು ಅಷ್ಟೂ ಕಟ್ಟಡ ಬಿಟ್ಟು ಅವನನ್ನೇ ಹುಡುಕುತ್ತಾರೆ. ಆಗಿನ ಕ್ಯಾಮೆರಾ ಕೈಲಾಗದೆ ಬೀದಿಯನ್ನು ಅಳಿಸಿತು. ನಾವು ಕೈಯಾರೆ ಅಳಿಸುತ್ತಿದ್ದೇವೆ.

ಅದೇ ಪ್ಯಾರಿಸಿನಲ್ಲಿ ಆಮೇಲೆ ಅಟ್ಜೆ ಅಂತ ಒಬ್ಬ ಫೋಟೋಗ್ರಾಫರ್ ಇದ್ದ. 1890ರ ದಶಕದ ಕೊನೆಯಿಂದ 1927ರಲ್ಲಿ ಸಾಯುವವರೆಗೂ ಮರದ ದೊಡ್ಡ ಕ್ಯಾಮೆರಾ, ಗಾಜಿನ ತಟ್ಟೆ ಹೊತ್ತು ಊರು ಸುತ್ತಿದ. ತೆಗೆದದ್ದೇನು? ಅಂಗಡಿ ಫಲಕ, ಅಂಗಳ, ಮೆಟ್ಟಿಲ ಕಟಾಂಜನ, ಬಾಗಿಲು ಬಡಿಯುವ ಬಳೆ. ಕಲಾವಿದರಿಗೆ ನೋಡಿ ಚಿತ್ರ ಬರೆಯಲು ಬೇಕಾಗುತ್ತದೆ ಅಂತ ಮಾರುತ್ತಿದ್ದ. ಅದರಲ್ಲಿ ಎಷ್ಟೋ ಈಗ ಫೋಟೋದಲ್ಲಿ ಮಾತ್ರ ಇವೆ.

ಹಾಗಂತ ಸುಮ್ನೆ ಕ್ಲಿಕ್ಕಿಸುತ್ತ ಹೋಗಿ ಅಂತಲ್ಲ. ನಿಲ್ಲುವ ಜಾಗ ಗೊತ್ತು ಮಾಡಿಕೊಳ್ಳಿ. ನಾನು ಒಂದು ಚರಂಡಿ ಮುಚ್ಚಳದ ಮೇಲೆ ನಿಲ್ಲುತ್ತೇನೆ, ಮಳೆಗಾಲ ಬೇಸಿಗೆ ಎರಡರಲ್ಲೂ. ಫೋನಿನಲ್ಲಿ ಅತಿ ಅಗಲದ ಲೆನ್ಸ್ ಬೇಡ, ಮೂಲ ಲೆನ್ಸ್ ಸಾಕು. ಅತಿ ಅಗಲದ್ದರಲ್ಲಿ ಅಂಚಿನ ವಸ್ತುಗಳೆಲ್ಲ ಜಗ್ಗಿದ ಹಾಗೆ ಕಾಣುತ್ತವೆ. ಎತ್ತರದ್ದನ್ನು ತೆಗೆಯುವಾಗ ಫೋನನ್ನು ಮೇಲಕ್ಕೆ ಓರೆ ಮಾಡಿದರೆ ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಬರುತ್ತದೆ, ಅದಕ್ಕಿಂತ ನಾಲ್ಕು ಹೆಜ್ಜೆ ಹಿಂದೆ ಹೋಗಿ. ಬೆಳಕು ಮಾತ್ರ ನಿಮ್ಮ ಮಾತು ಕೇಳುವುದಿಲ್ಲ. ಸೂರ್ಯ ನೇರ ಪೂರ್ವಕ್ಕೆ ಹುಟ್ಟುವುದು ಮಾರ್ಚ್, ಸೆಪ್ಟೆಂಬರ್ 20ರ ಆಸುಪಾಸಿನಲ್ಲಿ. ಉಳಿದ ದಿನ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುತ್ತಾನೆ. ಜೂನಿನಲ್ಲಿ ಮಿನುಗಿದ ಗೋಡೆ ಡಿಸೆಂಬರಿನಲ್ಲಿ ನೆರಳಲ್ಲಿ ಕೂತಿರುತ್ತದೆ. ಇದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದವರಿಗೆ ಮಾತ್ರ ಗೊತ್ತಾಗುವ ವಿಷಯ.

ಹಾಂ, ಒಂದು ಮಾತು. ಎಲ್ಲವೂ ಇರಲಿ ಅಂದೆ ಅಂತ ಪಕ್ಕದವರ ಕಿಟಕಿಯೊಳಗೆ ಇಣುಕಬೇಡಿ. ಆಡುತ್ತಿರುವ ಮಕ್ಕಳ ಮುಖ ಬಂದರೆ ಅದನ್ನು ಎಲ್ಲೂ ಹಾಕಬೇಡಿ. ಅವರು ದಾಟಿ ಹೋಗುವವರೆಗೆ ಕಾದರೆ ಏನೂ ನಷ್ಟವಿಲ್ಲ, ಅಲ್ವಾ?

“ವೈರು ಇದ್ದರೆ ಫೋಟೋ ಕೆಡುತ್ತದೆ” ಅನ್ನುವವರು ಇದ್ದಾರೆ. ಕೆಡಲಿ. ಲೈಕು ಜಾಸ್ತಿ ಬರದೆ ಇರಬಹುದು. ಆದರೆ ಇಪ್ಪತ್ತು ವರ್ಷ ಬಿಟ್ಟು ನೋಡುವವರಿಗೆ ಇದು ಯಾವ ಕಾಲದ ಬೀದಿ ಅಂತ ಹೇಳುವುದು ಆಕಾಶವಲ್ಲ, ಆ ವೈರು, ಆ ಸ್ಕೂಟರು.

ಪೋಸ್ಟ್ ಡಬ್ಬ ಇದ್ದ ಜಾಗದಲ್ಲಿ ಈಗ ಯಾರೋ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದಾರೆ. ನೋಡಲು ಅಸಹ್ಯವಾಗಿದೆ. ನಾಳೆ ಬೆಳಿಗ್ಗೆ ಹೋಗುತ್ತಿದ್ದೇನೆ, ಬಲಕ್ಕೆ ಸರಿಯುವುದಿಲ್ಲ.