ಸಕ್ಕರೆ ಕಾಯಿಲೆಯವರು ಎಷ್ಟು ಜನ? ಉತ್ತರ ಒಂದಲ್ಲ

ನಮಸ್ಕಾರ. ಇವತ್ತಿನ ವಿಷಯ ಆಸ್ಪತ್ರೆಯ ಡೇಟಾ. ಅಯ್ಯೋ, ಇದರಲ್ಲಿ ಕೇಳೋಕೆ ಏನಿದೆ ಅನ್ನಬೇಡಿ. ನಿಮ್ಮ ರಕ್ತ ಪರೀಕ್ಷೆ, ನಿಮ್ಮ ಮಾತ್ರೆ, ನಿಮ್ಮ ಬಿಲ್ಲು, ಎಲ್ಲವೂ ಎಲ್ಲೋ ಒಂದು ಕಾಲಂನಲ್ಲಿ ಕೂತಿದೆ. ಅದನ್ನು ಯಾರೋ ಹೊರಗೆ ತೆಗೆಯುತ್ತಾರೆ, ಕೂಡುತ್ತಾರೆ, ರಿಪೋರ್ಟ್ ಮಾಡುತ್ತಾರೆ. ಆ ರಿಪೋರ್ಟ್ ನೋಡಿ ಹಾಸಿಗೆ ಎಷ್ಟು, ನರ್ಸ್ ಎಷ್ಟು, ಔಷಧಿ ಎಷ್ಟು ಅಂತ ತೀರ್ಮಾನ ಆಗುತ್ತದೆ.

ನನ್ನ ತಕರಾರು ಇಷ್ಟೇ. ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು ಅಂತ ಗೆರೆ ಹಾಕುವಾಗಲೇ ರಿಪೋರ್ಟಿನ ಅರ್ಧ ಹಣೆಬರಹ ಬರೆದಾಗಿರುತ್ತದೆ. ಆ ಗೆರೆ ಹಾಕುವವರನ್ನು ಯಾರೂ ಮೀಟಿಂಗಿಗೆ ಕರೆಯುವುದಿಲ್ಲ.

ಒಂದು ಸಾಮಾನ್ಯ ಉದಾಹರಣೆ ತಗೊಳ್ಳೋಣ. ಆಡಳಿತದ ಕಡೆಯಿಂದ ಡೇಟಾ ವಿಭಾಗಕ್ಕೆ ಒಂದು ಸಾಲಿನ ಮೇಲ್ ಬರುತ್ತದೆ: "ನಮ್ಮಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಜನ? ಸಂಜೆಯೊಳಗೆ ಕಳಿಸಿ." ಎಲ್ಲಾ ಕಂಪ್ಯೂಟರಿನಲ್ಲೇ ಇದೆಯಲ್ಲ, ಬಟನ್ ಒತ್ತಿದರೆ ಬಂತು ಅನ್ನುವ ನಂಬಿಕೆ.

ಈಗ ಆ ಮೇಲ್ ಬಂದವರ ಕುರ್ಚಿಯಲ್ಲಿ ಕೂತು ನೋಡಿ. ಮೊದಲು ಹೊಳೆಯುವುದು ರೋಗದ ಕೋಡ್. ವಿಶ್ವ ಆರೋಗ್ಯ ಸಂಸ್ಥೆ ಒಂದೊಂದು ರೋಗಕ್ಕೂ ಒಂದೊಂದು ಕೋಡ್ ಕೊಟ್ಟ ಐಸಿಡಿ-10 ಪಟ್ಟಿಯಲ್ಲಿ ಟೈಪ್ 1 ಸಕ್ಕರೆ ಕಾಯಿಲೆಗೆ ಇ10, ಟೈಪ್ 2ಕ್ಕೆ ಇ11. ಬಸುರಿಯರಲ್ಲಿ ಕಾಣಿಸಿಕೊಳ್ಳುವ ಸಕ್ಕರೆಗೆ ಓ24, ಅದು ಬೇರೆ ಅಧ್ಯಾಯವೇ. ಅದನ್ನು ಸೇರಿಸಬೇಕೋ ಬಿಡಬೇಕೋ? ಮೇಲ್‌ನಲ್ಲಿ ಬರೆದಿಲ್ಲ. ಸರಿ, ಕೋಡ್ ಇದ್ದವರನ್ನೇ ಎಣಿಸೋಣ ಅಂದರೆ, ಮೂಳೆ ಮುರಿದು ಬಂದವರಿಗೆ ಎಷ್ಟೋ ಸಲ ಮೂಳೆಯ ಕೋಡ್ ಮಾತ್ರ ಬಿದ್ದಿರುತ್ತದೆ. ಅವರಿಗೆ ಸಕ್ಕರೆ ಇದ್ದರೂ ಲೆಕ್ಕಕ್ಕಿಲ್ಲ.

ಹಾಗಾದರೆ ಲ್ಯಾಬ್ ನೋಡೋಣ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ. ಅದು 6.5 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಚೆನ್ನಾಗಿಯೇ ಇದೆ. ಆದರೆ ಸರಿಯಾಗಿ ಮಾತ್ರೆ ತಗೊಂಡು, ನಡೆದು, ಊಟ ಹಿಡಿತದಲ್ಲಿಟ್ಟು 6.2ಕ್ಕೆ ಇಳಿಸಿಕೊಂಡವರು? ಅವರು ಪಟ್ಟಿಯಿಂದ ಉದುರಿಹೋದರು. ಅಂದರೆ ಚಿಕಿತ್ಸೆ ಚೆನ್ನಾಗಿ ನಡೆದಷ್ಟೂ ರೋಗಿಗಳೇ ಕಾಣೆ! ಆಮೇಲೆ ಉಳಿದವರನ್ನಷ್ಟೇ ನೋಡಿ "ನಮ್ಮಲ್ಲಿ ಯಾರ ಸಕ್ಕರೆಯೂ ಹತೋಟಿಗೆ ಬರ್ತಿಲ್ಲ" ಅಂತ ಯಾರೋ ಗಾಬರಿಯಾಗುತ್ತಾರೆ.

ಫಾರ್ಮಸಿ ನೋಡೋಣವೇ? ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರನ್ನೆಲ್ಲ ಹಿಡಿದರೆ, ಪಿಸಿಓಎಸ್ ಅನ್ನುವ ಹಾರ್ಮೋನಿನ ತೊಂದರೆಗೆ ಅದೇ ಮಾತ್ರೆ ನುಂಗುವ ಹೆಣ್ಣುಮಕ್ಕಳೂ ಬಲೆಗೆ ಬೀಳುತ್ತಾರೆ. ಮಾತ್ರೆಯೇ ಇಲ್ಲದೆ ಪಥ್ಯದಲ್ಲೇ ಇರುವವರು ತಪ್ಪಿಸಿಕೊಳ್ಳುತ್ತಾರೆ. ಇನ್ನು ಮೂರು ವರ್ಷದ ಹಿಂದೆ ಒಂದು ಸಲ ಬಂದು ಹೋದವರು "ನಮ್ಮಲ್ಲಿ" ಇದ್ದಾರೆಯೇ? ತೀರಿಕೊಂಡವರನ್ನು ತೆಗೆದಿದ್ದೀವಾ? ಒಬ್ಬರೇ ಮನುಷ್ಯ, ಹೆಸರಿನ ಸ್ಪೆಲಿಂಗ್ ಬೇರೆ ಆದದ್ದಕ್ಕೆ ಎರಡು ನಂಬರಿನಲ್ಲಿ ಕೂತಿದ್ದಾರಾ? ಹುಟ್ಟಿದ ದಿನ ನೋಡಿ ಹೊಂದಿಸೋಣ ಅಂದರೆ, ದಿನಾಂಕ ಗೊತ್ತಿಲ್ಲದವರಿಗೆಲ್ಲ ಜನವರಿ 1 ಹಾಕಿಟ್ಟಿರುತ್ತಾರೆ. ಆ ದಿನ ಹುಟ್ಟಿದವರೇ ಆಸ್ಪತ್ರೆಗೆ ಜಾಸ್ತಿ ಬರ್ತಾರೇನೋ ಅನ್ನಿಸಬೇಕು, ಹಾಗಿರುತ್ತದೆ ಕೆಲವು ಪಟ್ಟಿ.

ಹೀಗೆ ಒಂದೊಂದು ದಾರಿಯಲ್ಲೂ ಒಂದೊಂದು ಉತ್ತರ. ಯಾವುದೂ ಸುಳ್ಳಲ್ಲ. ಯಾವುದು ಸರಿ ಅನ್ನುವುದು ಏನಕ್ಕೆ ಬೇಕು ಅನ್ನುವುದರ ಮೇಲೆ ನಿಂತಿದೆ. ಕಣ್ಣಿನ ತಪಾಸಣೆಗೆ ಕರೆಯೋಕಾದರೆ ಗೆರೆ ದೊಡ್ಡದಾಗಿರಲಿ. ಸಕ್ಕರೆ ಇಲ್ಲದವರು ನಾಲ್ಕು ಜನ ಸುಮ್ನೆ ಬಂದು ಹೋದರೂ ನಷ್ಟವಿಲ್ಲ, ಇರುವವರು ಒಬ್ಬರು ತಪ್ಪಿದರೆ ಕಣ್ಣೇ ಹೋಗಬಹುದು. ಒಂದು ಔಷಧಿಯ ಫಲ ಅಳೆಯೋಕಾದರೆ ಗೆರೆ ಬಿಗಿಯಾಗಿರಬೇಕು, ಅಲ್ಲಿ ಕಲಬೆರಕೆ ನಡೆಯುವುದಿಲ್ಲ. ಇನ್ಸುಲಿನ್ ತರಿಸೋಕೆ ಅಂದರೆ ಫಾರ್ಮಸಿ ಲೆಕ್ಕವೇ ಸಾಕು.

ಈ ತೀರ್ಮಾನ ಯಾರು ಮಾಡಬೇಕು? ಡಾಕ್ಟರು, ಆಡಳಿತದವರು, ಡೇಟಾದವರು ಒಟ್ಟಿಗೆ ಕೂತು. ಯಾರು ಮಾಡುತ್ತಾರೆ? ಸಂಜೆ ನಾಲ್ಕಕ್ಕೆ ಕ್ವೆರಿ, ಅಂದರೆ ಡೇಟಾ ಹೊರಗೆ ತೆಗೆಯುವ ಆದೇಶ, ಬರೆಯುತ್ತಿರುವ ಒಬ್ಬರೇ. ವಾಪಸ್ ಕೇಳೋಣ ಅಂದರೆ "ಅಷ್ಟೂ ಗೊತ್ತಾಗಲ್ವಾ?" ಅನ್ನಿಸಿಕೊಳ್ಳುವ ಭಯ. ಏನೋ ಒಂದು ಆರಿಸುತ್ತಾರೆ, ಕಳಿಸುತ್ತಾರೆ. ಸಂಖ್ಯೆ ಸ್ಲೈಡಿಗೆ ಏರುತ್ತದೆ, ಗೆರೆ ಕ್ವೆರಿಯೊಳಗೇ ಉಳಿಯುತ್ತದೆ. ಆರು ತಿಂಗಳು ಬಿಟ್ಟು ಇನ್ನೊಬ್ಬರು ಇನ್ನೊಂದು ಗೆರೆ ಹಾಕಿ ತೆಗೆದಾಗ, ರೋಗಿಗಳು ಜಾಸ್ತಿಯಾದರು ಅಂತ ಚರ್ಚೆ ಶುರು.

ಇದು ಸಣ್ಣ ಆಸ್ಪತ್ರೆಯ ರಗಳೆ ಅಷ್ಟೇ ಅಂದುಕೊಳ್ಳಬೇಡಿ. 2020ರ ಫೆಬ್ರುವರಿ 12ರ ಲೆಕ್ಕದಲ್ಲಿ ಚೀನಾದ ಹುಬೈ ಪ್ರಾಂತ್ಯ ಒಂದೇ ದಿನಕ್ಕೆ 14,840 ಹೊಸ ಕೊರೊನಾ ಪ್ರಕರಣ ತೋರಿಸಿತು. ಜಗತ್ತೇ ಬೆಚ್ಚಿತು. ಅದರಲ್ಲಿ 13,332 ಬಂದದ್ದು ಗೆರೆ ಬದಲಾದದ್ದರಿಂದ. ಅಲ್ಲಿಯವರೆಗೆ ಲ್ಯಾಬ್ ಪರೀಕ್ಷೆಯಲ್ಲಿ ಖಚಿತವಾದವರನ್ನು ಎಣಿಸುತ್ತಿದ್ದರು. ಅವತ್ತಿನಿಂದ ಸ್ಕ್ಯಾನ್ ಮತ್ತು ಲಕ್ಷಣ ನೋಡಿ ಡಾಕ್ಟರು ಗುರುತಿಸಿದವರನ್ನೂ ಸೇರಿಸಿದರು. ಅಂಥ ಸಮಯದಲ್ಲಿ ಗೆರೆ ಬದಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಪರೀಕ್ಷೆಗೆ ಕಾಯುತ್ತಾ ಚಿಕಿತ್ಸೆ ನಿಲ್ಲಿಸೋಕಾಗುತ್ತಾ? ಆದರೆ ಗ್ರಾಫ್ ಅಷ್ಟನ್ನೇ ನೋಡಿದವರಿಗೆ ಕಂಡದ್ದು ರೋಗದ ಜಿಗಿತ.

ಅದಕ್ಕೇ ನನ್ನ ಹಟ: ಯಾವ ಸಂಖ್ಯೆಯೂ ಒಂಟಿಯಾಗಿ ಹೊರಗೆ ಹೋಗಬಾರದು. ಅದರ ಕೆಳಗೆ ಎರಡು ಸಾಲು ಇರಲಿ. ಯಾರನ್ನು ಎಣಿಸಿದ್ದು, ಯಾರನ್ನು ಬಿಟ್ಟದ್ದು, ಯಾವ ದಿನ ತೆಗೆದದ್ದು. ದಿನ ಯಾಕೆ ಅಂದರೆ ಹೋದ ತಿಂಗಳ ಲೆಕ್ಕ ಈ ತಿಂಗಳು ಬದಲಾಗುತ್ತದೆ. ಲ್ಯಾಬ್ ಫಲಿತಾಂಶ ತಡವಾಗಿ ಬರುತ್ತದೆ, ಡಿಸ್ಚಾರ್ಜ್ ಆದವರಿಗೆ ರೋಗದ ಕೋಡ್ ಹಾಕುವ ಕೆಲಸ ಆಮೇಲೆ ಮುಗಿಯುತ್ತದೆ.

ಗೆರೆಯಷ್ಟೇ ತೊಂದರೆ ಕೊಡುವುದು ಖಾಲಿ ಜಾಗ. "ಧೂಮಪಾನ" ಅನ್ನುವ ಕಾಲಂ ಖಾಲಿ ಇದೆ. ಸೇದುವುದಿಲ್ಲ ಅಂತಲೋ? ಕೇಳಲೇ ಇಲ್ಲ ಅಂತಲೋ? ಕೇಳಿದರು, ಅವರು ಹೇಳಲಿಲ್ಲ ಅಂತಲೋ? ಮೂರೂ ಬೇರೆ. ರಿಪೋರ್ಟಿನಲ್ಲಿ ಮೂರೂ "ಇಲ್ಲ" ಆಗಿಬಿಡುತ್ತವೆ. ಖಾಲಿ ಬಿಟ್ಟರೆ ಪರದೆ ಮುಂದಕ್ಕೆ ಹೋಗದಂತೆ ಮಾಡಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಆಗ ಇನ್ನೂ ಕೆಡುತ್ತದೆ. ಕ್ಯೂನಲ್ಲಿ ಮೂವತ್ತು ಜನ ನಿಂತಿರುವಾಗ ಯಾರೇ ಆದರೂ ಮೊದಲು ಕಾಣುವ ಆಯ್ಕೆ ಒತ್ತುತ್ತಾರೆ. ಖಾಲಿ ಜಾಗ ಕನಿಷ್ಠ ಪ್ರಾಮಾಣಿಕವಾಗಿತ್ತು. "ಕೇಳಿಲ್ಲ" ಅನ್ನುವ ಒಂದು ಆಯ್ಕೆ ಇಡೋಕೆ ಎಷ್ಟು ಕಷ್ಟ ಹೇಳಿ.

ಅಳತೆಯ ಮಾನವೂ ಹಾಗೆಯೇ. ರಕ್ತದ ಸಕ್ಕರೆ 7 ಅಂದರೂ 126 ಅಂದರೂ ಒಂದೇ ಮಾತು. ಮೊದಲನೆಯದು ಲೀಟರಿಗೆ ಮಿಲಿಮೋಲ್, ಎರಡನೆಯದು ಡೆಸಿಲೀಟರಿಗೆ ಮಿಲಿಗ್ರಾಂ. ಎರಡು ಲ್ಯಾಬಿನ ಪಟ್ಟಿ ಕೂಡಿಸುವಾಗ ಮಾನದ ಕಾಲಂ ಬಿಟ್ಟುಹೋದರೆ ಸರಾಸರಿ ಅನ್ನುವುದಕ್ಕೆ ಅರ್ಥವೇ ಇಲ್ಲ. ಲ್ಯಾಬ್ ಪರೀಕ್ಷೆಗಳಿಗೆ ಲೋಯಿಂಕ್ ಅಂತ, ಸಿಸ್ಟಂಗಳ ನಡುವೆ ಡೇಟಾ ಸಾಗಿಸೋಕೆ ಫೈರ್ ಅಂತ ಒಳ್ಳೆಯ ಮಾನಕಗಳು ಬಂದಿವೆ. ಬೇಕೇ ಬೇಕು ಅವು. ಆದರೆ ತಪ್ಪಾಗಿ ಬರೆದದ್ದನ್ನು ಅವು ತಪ್ಪಾಗಿಯೇ, ಬಹಳ ಅಚ್ಚುಕಟ್ಟಾಗಿ ತಲುಪಿಸುತ್ತವೆ.

ತಲುಪಿಸುವ ಮಾತು ಬಂದದ್ದಕ್ಕೆ ಇಂಗ್ಲೆಂಡಿನ ಕಥೆ ಹೇಳಿಬಿಡುತ್ತೇನೆ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೊರೊನಾ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರಿರಲಿಲ್ಲ. ಲ್ಯಾಬುಗಳಿಂದ ಬಂದ ಫೈಲನ್ನು ಅಲ್ಲಿನ ಆಗಿನ ಸರ್ಕಾರಿ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಎಕ್ಸೆಲ್‌ಗೆ ಹಾಕಿಕೊಳ್ಳುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಮಿಕ್ಕಿದ್ದು ಸದ್ದಿಲ್ಲದೆ ಹೊರಗೆ ಉಳಿಯಿತು. ಪಾಸಿಟಿವ್ ಬಂದವರಿಗೆ ಫಲಿತಾಂಶವೇನೋ ತಲುಪಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಮಾತ್ರ ತಡವಾಯಿತು.

ಎಲ್ಲರೂ ಎಕ್ಸೆಲ್ ನೋಡಿ ನಕ್ಕರು. ನನಗೆ ಎಕ್ಸೆಲ್ ಮೇಲೆ ಅಷ್ಟು ಸಿಟ್ಟಿಲ್ಲ. ಕಳಿಸಿದ ಕಡೆ ಎಷ್ಟು ಸಾಲು, ಸೇರಿದ ಕಡೆ ಎಷ್ಟು ಸಾಲು ಅಂತ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅಂಗಡಿಯ ಗುಮಾಸ್ತರು ರಾತ್ರಿ ಗಲ್ಲಾ ಲೆಕ್ಕ ಹೊಂದಿಸದೆ ಬಾಗಿಲು ಹಾಕುತ್ತಾರಾ? ದುಬಾರಿ ಸಾಫ್ಟ್‌ವೇರ್ ಇರುವ ಕಡೆಯೂ ಈ ತಾಳೆ ನೋಡುವ ಅಭ್ಯಾಸ ಇಲ್ಲದಿದ್ದರೆ ಇದೇ ಗತಿ.

ಒಂದು ಸಣ್ಣ ಮಾತು, ಗುಟ್ಟಿನ ಬಗ್ಗೆ. ಹೆಸರು ತೆಗೆದರೆ ಸಾಕು, ಡೇಟಾ ಹಂಚಬಹುದು ಅನ್ನುವ ನಂಬಿಕೆ 1997ರಲ್ಲೇ ಸತ್ತಿದೆ. ಅಮೆರಿಕದ ಲಟಾನ್ಯಾ ಸ್ವೀನಿ ಆಗ ವಿದ್ಯಾರ್ಥಿನಿ. ಹೆಸರಿಲ್ಲದ ಆಸ್ಪತ್ರೆ ಡೇಟಾವನ್ನು ಮತದಾರರ ಪಟ್ಟಿಯ ಜೊತೆ ಹೊಂದಿಸಿ, ಹುಟ್ಟಿದ ದಿನ, ಲಿಂಗ, ಜಿಪ್ ಕೋಡ್ (ನಮ್ಮ ಪಿನ್‌ಕೋಡ್ ಥರ) ಈ ಮೂರರಿಂದಲೇ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಅವರ ದಾಖಲೆಯನ್ನು ಪತ್ತೆ ಹಚ್ಚಿದರು. ಹಾಗಾಗಿ ಅಪರೂಪದ ಕಾಯಿಲೆಯ ಪಟ್ಟಿಯಲ್ಲಿ, ಒಂದು ಪ್ರದೇಶದಲ್ಲಿ "1" ಅಂತ ಬಂದರೆ ಅದನ್ನು ಹಾಗೇ ಅಚ್ಚು ಹಾಕಬೇಡಿ. ಆ ಒಂದು ಯಾರು ಅಂತ ಅಕ್ಕಪಕ್ಕದವರಿಗೆ ಗೊತ್ತಿರುತ್ತದೆ.

ಇನ್ನು ಬರೆಯುವ ಕೈಗಳ ವಿಷಯ. ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ನಮಗೆ ದೀಪ ಹಿಡಿದು ರೋಗಿಗಳನ್ನು ನೋಡಿಕೊಂಡ ನರ್ಸ್ ನೆನಪಾಗುತ್ತದೆ. ಆಕೆ ಲೆಕ್ಕದಲ್ಲಿ ಬಹಳ ಗಟ್ಟಿಗಿತ್ತಿ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಸೈನಿಕರು ಜಾಸ್ತಿ ಸತ್ತರು ಅನ್ನುವುದನ್ನು 1858ರಲ್ಲಿ ಬಣ್ಣದ ಚಿತ್ರ ಮಾಡಿ ತೋರಿಸಿದರು. ಪಟ್ಟಿ ಓದದ ದೊಡ್ಡವರ ಕಣ್ಣಿಗೂ ಅದು ಬೀಳಬೇಕಿತ್ತು. ಎಲ್ಲಾ ಆಸ್ಪತ್ರೆಗಳೂ ಒಂದೇ ಥರದ ಫಾರಂ ತುಂಬಬೇಕು ಅಂತ 1860ರಲ್ಲಿ ಲಂಡನ್ನಿನ ಅಂತಾರಾಷ್ಟ್ರೀಯ ಅಂಕಿಅಂಶ ಸಮ್ಮೇಳನದ ಮುಂದೆ ಯೋಜನೆಯನ್ನೂ ಇಟ್ಟರು. ಸಮ್ಮೇಳನ ಒಪ್ಪಿತು, ಆದರೂ ಆ ಫಾರಂ ಬಹಳ ಕಾಲ ನಿಲ್ಲಲಿಲ್ಲ. ತುಂಬುವ ಕೆಲಸ ಜಾಸ್ತಿಯಾಯಿತು.

ಆ ಕಥೆ ಇವತ್ತಿಗೂ ಮುಗಿದಿಲ್ಲ. ಬಿಪಿಯನ್ನು ಚಾರ್ಟಿನಲ್ಲಿ ಬರೆದ ನರ್ಸ್ ಅದನ್ನೇ ಪರದೆಯಲ್ಲಿ ಹೊಡೆಯುತ್ತಾರೆ, ತಿಂಗಳ ಕೊನೆಗೆ ಅದನ್ನೇ ಇನ್ನೊಂದು ಶೀಟಿಗೆ ಇಳಿಸುತ್ತಾರೆ. ಅಲ್ಲಿಂದ ಅದು ಮೇಲಕ್ಕೆ ಹೋಗುತ್ತದೆ. ಕೆಳಕ್ಕೆ ಏನೂ ಬರುವುದಿಲ್ಲ. ತನ್ನ ವಾರ್ಡಿನಲ್ಲಿ ಸೋಂಕು ಕಡಿಮೆಯಾಯಿತಾ ಅನ್ನುವುದೂ ಆಕೆಗೆ ಗೊತ್ತಾಗುವುದಿಲ್ಲ. ಬರೆದವರಿಗೆ ವಾಪಸ್ ತೋರಿಸಿ ನೋಡಿ, ತಪ್ಪುಗಳನ್ನು ಅವರೇ ಮೊದಲು ಹಿಡಿಯುತ್ತಾರೆ: "ಮಂಗಳವಾರ ನಮ್ಮಲ್ಲಿ ಹನ್ನೆರಡು ಜನ ಇದ್ದರು, ಇಲ್ಲಿ ಒಂಬತ್ತು ಅಂತಿದೆಯಲ್ಲ?" ಇದಕ್ಕಿಂತ ಒಳ್ಳೆಯ ತಪಾಸಣೆ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಹಾಗೇ, ಒಂದು ವರ್ಷದಲ್ಲಿ ಚಿಕಿತ್ಸೆಗಾಗಲಿ, ಯಾವುದೇ ರಿಪೋರ್ಟಿಗಾಗಲಿ ಒಂದು ಸಲವೂ ಯಾರೂ ತೆಗೆದು ನೋಡದ ಕಾಲಂ ಇದ್ದರೆ ಫಾರಂನಿಂದ ಕಿತ್ತುಹಾಕಿ. ಕಾನೂನು ಕೇಳುವುದನ್ನು ಬಿಟ್ಟು. ಸಂಶೋಧನೆ ಮಾಡುವವರು ಒಪ್ಪುವುದಿಲ್ಲ, "ಮುಂದೆ ಯಾವತ್ತಾದರೂ ಬೇಕಾಗಬಹುದು" ಅನ್ನುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಆದರೆ ಯಾರೂ ನೋಡುವುದಿಲ್ಲ ಅಂತ ಗೊತ್ತಿರುವ ಕಾಲಂನಲ್ಲಿ ಜನ ಏನು ತುಂಬಿರುತ್ತಾರೆ ಅಂತ ಒಮ್ಮೆ ತೆರೆದು ನೋಡಲಿ. ಚುಕ್ಕೆ, ಅಡ್ಡಗೆರೆ, ಸಾಲುಸಾಲು ಸೊನ್ನೆ. ಅದರ ಮೇಲೆ ಸಂಶೋಧನೆ ಮಾಡುವ ಧೈರ್ಯ ಇದ್ದರೆ ಆ ಕಾಲಂ ಅವರ ಹೆಸರಿನಲ್ಲೇ ಇರಲಿ, ತುಂಬಿಸುವ ಹೊಣೆಯೂ ಅವರದೇ ಆಗಲಿ.