ನಕ್ಷತ್ರ ನೋಡಲು ಬನ್ನಿ ಅನ್ನುವವರು ಅರ್ಧ ಚಂದ್ರನ ದಿನವೇ ಯಾಕೆ ಕರೆಯುತ್ತಾರೆ?

[ದೃಶ್ಯ: ಸಂಜೆಗತ್ತಲ ಬಯಲು, ಸಾಲಾಗಿ ನಿಲ್ಲಿಸಿದ ಟೆಲಿಸ್ಕೋಪ್‌ಗಳು, ಮೇಲೆ ಅರ್ಧ ಚಂದ್ರ]

ನಮಸ್ಕಾರ. ಹೋದ ಸಲದ ವಿಡಿಯೋ ನೋಡಿದ ಒಬ್ಬರು ನನ್ನನ್ನು ಸರಿಯಾಗಿ ಹಿಡಿದುಹಾಕಿದ್ದಾರೆ. "ನಕ್ಷತ್ರ ನೋಡಲು ಕತ್ತಲು ಬೇಕು ಅಂತೀರಿ. ಚಂದ್ರ ಇದ್ದರೆ ಆಕಾಶ ಬೆಳ್ಳಗಾಗುತ್ತದೆ ಅಂತಲೂ ಅಂತೀರಿ. ಮತ್ತೆ ಖಗೋಳ ಕ್ಲಬ್‌ನವರು ಜನರನ್ನು ಕರೆಯುವಾಗ ಅಮಾವಾಸ್ಯೆ ಬಿಟ್ಟು ಅರ್ಧ ಚಂದ್ರನ ಸಂಜೆಯನ್ನೇ ಯಾಕೆ ಹುಡುಕುತ್ತಾರೆ?"

ನಿಜ, ಹುಡುಕಿಯೇ ಇಡುತ್ತಾರೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಹವ್ಯಾಸಿಗಳು ಆಸ್ಟ್ರಾನಮಿ ಡೇ, ಅಂದರೆ ಜನರಿಗೆ ಆಕಾಶ ತೋರಿಸುವ ದಿನ, ಶುರು ಮಾಡಿದರು. ಏಪ್ರಿಲ್ ಮಧ್ಯದಿಂದ ಮೇ ಮಧ್ಯದೊಳಗೆ, ಅರ್ಧ ಚಂದ್ರನಿಗೆ ಹತ್ತಿರದ ಶನಿವಾರ ಅದಕ್ಕೆ ಗೊತ್ತು ಮಾಡುವುದು ವಾಡಿಕೆ. 2010ರಿಂದ ನಾಸಾ ವರ್ಷಕ್ಕೊಮ್ಮೆ ಚಂದ್ರನನ್ನು ನೋಡುವ ರಾತ್ರಿ ನಡೆಸುತ್ತಿದೆ. ಅದೂ ಅರ್ಧ ಚಂದ್ರನ ಆಸುಪಾಸಿನಲ್ಲೇ.

ಕ್ಲಬ್ ಅಂದರೆ ಏನು, ಟೆಲಿಸ್ಕೋಪ್ ಹೇಗೆ ಕೆಲಸ ಮಾಡುತ್ತದೆ, ಇದೆಲ್ಲ ಹಳೇ ವಿಡಿಯೋಗಳಲ್ಲಿದೆ. ನೇರ ವಿಷಯಕ್ಕೆ ಬರೋಣ.

ಮೊದಲನೆಯದು ಸಮಯ. ಶುಕ್ಲಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರ ಮಧ್ಯಾಹ್ನವೇ ಹುಟ್ಟಿರುತ್ತಾನೆ. ಸೂರ್ಯ ಮುಳುಗುವಾಗ ಆಕಾಶದಲ್ಲಿ ಎತ್ತರಕ್ಕೆ ಬಂದಿರುತ್ತಾನೆ. ನಡುರಾತ್ರಿಯ ಹೊತ್ತಿಗೆ ಮುಳುಗುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯ ಚಂದ್ರ ಹುಟ್ಟುವುದೇ ನಡುರಾತ್ರಿ. ಮಕ್ಕಳನ್ನು ಕರೆದುಕೊಂಡು ಯಾರು ಬರುತ್ತಾರೆ ಹೇಳಿ.

"ಹಾಗಾದರೆ ಹುಣ್ಣಿಮೆ ಇನ್ನೂ ಚೆನ್ನ ಅಲ್ವಾ?" ಅಲ್ಲ. ನನಗೆ ಹೇಳಬೇಕಾಗಿರುವುದು ಇದನ್ನೇ.

[ದೃಶ್ಯ: ಬಿಳಿ ಗೋಡೆ. ಬಲ್ಬ್ ಮೊದಲು ಎದುರಿಗೆ, ಆಮೇಲೆ ಪಕ್ಕಕ್ಕೆ]

ಗೋಡೆಗೆ ಪುಟ್ಟಿ ಹಚ್ಚುವವರು ಕೆಲಸ ಮುಗಿದ ಮೇಲೆ ಏನು ಮಾಡುತ್ತಾರೆ, ಗಮನಿಸಿದ್ದೀರಾ? ಬಲ್ಬನ್ನು ಗೋಡೆಯ ಎದುರು ಹಿಡಿಯುವುದಿಲ್ಲ. ಗೋಡೆಗೆ ಒತ್ತಿಕೊಂಡು, ಪಕ್ಕದಿಂದ ಹಿಡಿಯುತ್ತಾರೆ. ಎದುರಿನಿಂದ ನೋಡಿದಾಗ ಗೋಡೆ ಕನ್ನಡಿಯಷ್ಟು ನುಣುಪು. ಪಕ್ಕದಿಂದ ಬೆಳಕು ಬಿತ್ತೋ, ಒಂದೊಂದು ಉಬ್ಬು, ಒಂದೊಂದು ತಗ್ಗು, ಕರಣೆ ಎಳೆದ ಗೀರು, ಎಲ್ಲ ಎದ್ದು ಬರುತ್ತದೆ. ಗೋಡೆ ಅದೇ, ಬಲ್ಬೂ ಅದೇ. ಬದಲಾದದ್ದು ನೆರಳು ಮಾತ್ರ.

ಹುಣ್ಣಿಮೆಯ ದಿನ ಸೂರ್ಯ ನಮ್ಮ ಬೆನ್ನ ಹಿಂದಿನಿಂದ ಚಂದ್ರನ ಮುಖಕ್ಕೆ ನೇರ ಬೆಳಕು ಹಾಕುತ್ತಾನೆ. ನೆರಳೇ ಕಾಣುವುದಿಲ್ಲ. ಟೆಲಿಸ್ಕೋಪಿನಲ್ಲಿ ಕಾಣುವುದು ಕಣ್ಣು ಕುಕ್ಕುವ ಬಿಳಿ ತಟ್ಟೆ. ಅರ್ಧ ಚಂದ್ರನ ದಿನ ಬೆಳಕು ಪಕ್ಕದಿಂದ. ಬೆಳಕು ಮತ್ತು ಕತ್ತಲಿನ ಗಡಿ ಇದೆಯಲ್ಲ, ಅಲ್ಲಿ ಈಗಷ್ಟೇ ಸೂರ್ಯೋದಯ. ಸೂರ್ಯ 5 ಡಿಗ್ರಿ ಮೇಲೇರಿದ್ದಾಗ 1 ಕಿ.ಮೀ. ಎತ್ತರದ ಬೆಟ್ಟದ ನೆರಳು ಸುಮಾರು 11 ಕಿ.ಮೀ. ಚಾಚಿರುತ್ತದೆ. ಗಾಳಿಯೇ ಇಲ್ಲದ್ದರಿಂದ ಆ ನೆರಳು ನಮ್ಮ ಮರದ ನೆರಳಿನ ಹಾಗೆ ಮಸುಕಲ್ಲ, ಶಾಯಿ ಚೆಲ್ಲಿದ ಹಾಗೆ ಕಪ್ಪು. ಟಾಲೆಮಿಯಸ್ ಅನ್ನುವ ಕುಳಿಯ ಅಗಲ 150 ಕಿ.ಮೀ.ಗಿಂತ ಜಾಸ್ತಿ. ಅಷ್ಟು ದೊಡ್ಡದು ಹುಣ್ಣಿಮೆಯ ದಿನ ಹುಡುಕಿದರೂ ಕೈಗೆ ಸಿಗುವುದಿಲ್ಲ. ಅಷ್ಟಮಿಯ ಆಸುಪಾಸಿನಲ್ಲಿ ಅದೇ ಎದ್ದು ಕೂತಿರುತ್ತದೆ.

ಇನ್ನೊಂದು ವಿಷಯ ಕೇಳಿ. ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟು ಅಂದುಕೊಳ್ಳುತ್ತೇವೆ. ಅಲ್ಲ! ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ದೊಡ್ಡ ಪಾಲನ್ನು ಈ ನೆರಳುಗಳೇ ನುಂಗಿವೆ. ಬೆಟ್ಟದ ನೆರಳಷ್ಟೇ ಅಲ್ಲ, ಚಂದ್ರನ ಮೇಲಿನ ಒಂದೊಂದು ಕಲ್ಲಿನ, ಧೂಳಿನ ಕಣದ ನೆರಳೂ ಇದರಲ್ಲಿ ಸೇರಿದೆ. ಹಾಗಾಗಿಯೇ ಅರ್ಧ ಚಂದ್ರ ಇದ್ದಾಗಲೂ ಹೊಳೆಯುವ ನಕ್ಷತ್ರಗಳು, ಗ್ರಹಗಳು ಆರಾಮಾಗಿ ಕಾಣುತ್ತವೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಬೆಳಕು-ಕತ್ತಲಿನ ಆ ಗಡಿ ನಿಂತಲ್ಲೇ ನಿಂತಿರುವುದಿಲ್ಲ. ಭೂಮಿಯ ನಡುಪಟ್ಟಿಯಲ್ಲಿ ಬೆಳಗು ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಓಡುತ್ತದೆ. ಚಂದ್ರನ ನಡುಪಟ್ಟಿಯಲ್ಲಿ ಗಂಟೆಗೆ ಬರೀ 15 ಕಿ.ಮೀ. ಸೈಕಲ್ ತುಳಿಯುವ ವೇಗ! ಅಲ್ಲಿ ರಸ್ತೆ ಇದ್ದಿದ್ದರೆ ಸೂರ್ಯೋದಯದ ಜೊತೆಜೊತೆಗೇ ಸೈಕಲ್ಲಿನಲ್ಲಿ ಹೋಗಬಹುದಿತ್ತು. ಅಂದರೆ ಮೂರು ಗಂಟೆಯ ಕಾರ್ಯಕ್ರಮದಲ್ಲಿ ಬೆಳಕು 45 ಕಿ.ಮೀ. ಮುಂದೆ ಸರಿದಿರುತ್ತದೆ.

ಇದನ್ನು ನನಗೆ ಮನದಟ್ಟು ಮಾಡಿದ್ದು ಒಬ್ಬ ಅಜ್ಜಿ. ಅವತ್ತು ಟೆಲಿಸ್ಕೋಪಿನ ಹತ್ತಿರ ನಾನು ನಿಂತಿದ್ದೆ. ಅಜ್ಜಿ ಸೆರಗು ಬಿಗಿ ಮಾಡಿಕೊಂಡು, ಕನ್ನಡಕ ತೆಗೆದು ಮೊಮ್ಮಗಳ ಕೈಗೆ ಕೊಟ್ಟು, ಬಗ್ಗಿ ನೋಡಿದರು. "ಚಿತ್ರ ಅಂಟಿಸಿದ್ದೀಯೇನಪ್ಪಾ ಒಳಗೆ?" ಅಂದರು. "ಇಲ್ಲ ಅಜ್ಜಿ, ಕೈ ತಾಗಿಸದೆ ಹಾಗೇ ನೋಡ್ತಾ ಇರಿ" ಅಂದೆ. ಸ್ವಲ್ಪ ಹೊತ್ತಿಗೆ, "ಅಯ್ಯೋ, ಜಾರ್ತಾ ಇದಾನೆ!" ಮೋಟಾರ್ ಇಲ್ಲದ ಟೆಲಿಸ್ಕೋಪ್ ಅದು. ಜಾರುತ್ತಿದ್ದದ್ದು ಚಂದ್ರನಲ್ಲ, ತಿರುಗುತ್ತಿದ್ದದ್ದು ನಾವು ನಿಂತ ನೆಲ. ಅಜ್ಜಿ ಹೊರಡುವ ಮುಂಚೆ ಮತ್ತೆ ಸಾಲಿಗೆ ಬಂದರು. ನೋಡಿದವರೇ ಕೇಳಿದರು: "ಕತ್ತಲೊಳಗೆ ಒಂದು ಚುಕ್ಕೆ ಹೊಳೀತಿದೆಯಲ್ಲ, ಆಗ ಇರಲಿಲ್ಲ." ನಾನು ನೋಡಿದೆ. ನಿಜ. ಯಾವುದೋ ಬೆಟ್ಟದ ತುದಿಗೆ ಅಷ್ಟರಲ್ಲಿ ಬಿಸಿಲು ಮುಟ್ಟಿತ್ತು. ಇಡೀ ಸಂಜೆ ಅಲ್ಲೇ ನಿಂತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ದಾರಿಹೋಕರನ್ನು ಕರೆದು ತೋರಿಸುವ ಈ ಹುಚ್ಚು ಹತ್ತಿಸಿದವರಲ್ಲಿ ಜಾನ್ ಡಾಬ್ಸನ್ ಹೆಸರು ದೊಡ್ಡದು. ಅಮೆರಿಕದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ 1944ರಿಂದ 1967ರವರೆಗೆ ಇದ್ದವರು. 1956ರಲ್ಲಿ ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ಟೆಲಿಸ್ಕೋಪಿಗೆ 12 ಇಂಚಿನ ಕನ್ನಡಿ ಮಾಡಿದರು. ಅದರಲ್ಲಿ ಕಂಡದ್ದೂ ಅರ್ಧ ಚಂದ್ರನೇ. ಇದನ್ನು ಎಲ್ಲರೂ ನೋಡಲೇಬೇಕು ಅಂತ ಅವರಿಗೆ ಅನ್ನಿಸಿಬಿಟ್ಟಿತು. ಮಠ ಬಿಟ್ಟ ಮೇಲೆ, 1968ರಲ್ಲಿ, ಗೆಳೆಯರ ಜೊತೆ ಸೈಡ್‌ವಾಕ್ ಆಸ್ಟ್ರಾನಮರ್ಸ್ ಅನ್ನುವ ಗುಂಪು ಕಟ್ಟಿದರು. ಪ್ಲೈವುಡ್ ಪೆಟ್ಟಿಗೆ, ರಟ್ಟಿನ ಕೊಳವೆ, ಅಷ್ಟರಲ್ಲೇ ದೊಡ್ಡ ಟೆಲಿಸ್ಕೋಪ್. ಆ ವಿನ್ಯಾಸಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಇವತ್ತು ಕ್ಲಬ್‌ಗಳ ಕೂಟದಲ್ಲಿ ಫಿರಂಗಿಯ ಹಾಗೆ ನಿಂತಿರುವ ಡಾಬ್ಸೋನಿಯನ್ ಟೆಲಿಸ್ಕೋಪ್‌ಗಳು ಅವರ ಕೊಡುಗೆ. ನನಗೆ ಅವರ ಮೇಲೆ ತುಂಬಾ ಗೌರವ.

ಸಮಯ ಮೀರುತ್ತಿದೆ, ಉಳಿದದ್ದು ಬೇಗ ಬೇಗ. ಕ್ಲಬ್‌ನವರು ತಮಗಾಗಿ ಊರಾಚೆ ಹೋಗುವುದು ಅಮಾವಾಸ್ಯೆಯ ಸುತ್ತಮುತ್ತಲೇ. ಮಬ್ಬಾದ ನೀಹಾರಿಕೆ, ಗ್ಯಾಲಕ್ಸಿ ನೋಡಲು ಕತ್ತಲೇ ಬೇಕು. ಅಲ್ಲಿ ಎಲ್ಲರ ಕೈಯಲ್ಲೂ ಕೆಂಪು ಟಾರ್ಚು. ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20-30 ನಿಮಿಷ ಬೇಕು. ಕೆಂಪು ಬೆಳಕು ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ, ಒಂದು ಮೊಬೈಲಿನ ಬಿಳಿ ಬೆಳಕು ಕ್ಷಣದಲ್ಲಿ ಕೆಡಿಸುತ್ತದೆ. ಫೋನ್ ಜೇಬಿನಲ್ಲಿಡಿ, ದಯವಿಟ್ಟು.

ಕೂಟ ನಡೆಸುವವರಿಗೆ ಎರಡು ಮಾತು. ಮಕ್ಕಳು ಹತ್ತಿ ನಿಲ್ಲಲು ಅಲುಗಾಡದ ಸ್ಟೂಲ್ ಇಡಿ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ತುದಿ, ಅದನ್ನು ಹಿಡಿದು ಎಳೆಯುವ ಮಗುವನ್ನು ಗದರಬೇಡಿ, ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಲು ಹೇಳಿದರೆ ಸಾಕು. ಮತ್ತೆ, ಟೆಲಿಸ್ಕೋಪ್ ಜೋಡಿಸುವ ಹೊತ್ತಿಗೆ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ಮುಂದಿನ ಬಾಯಿಗೆ ಸೋಲಾರ್ ಫಿಲ್ಟರ್ ಇಲ್ಲದೆ ಅದನ್ನು ಸೂರ್ಯನತ್ತ ತಿರುಗಿಸಲೇಬೇಡಿ. ಕಣ್ಣು ಹೋಗುತ್ತದೆ.

ನೋಡಲು ಬರುವವರಿಗೆ ಒಂದೇ. ಬಂದ ತಕ್ಷಣ ಒಮ್ಮೆ ಸಾಲಿನಲ್ಲಿ ನಿಂತು ಗಡಿಯ ಹತ್ತಿರ ಒಂದು ಜಾಗ ಗುರುತು ಮಾಡಿಕೊಳ್ಳಿ. ಹೊರಡುವ ಮುಂಚೆ ಇನ್ನೊಮ್ಮೆ ನಿಂತು ಅದೇ ಜಾಗ ನೋಡಿ.