ನೀರಿನೊಳಗಿನ ವಿದ್ಯುತ್ತು, ವಿದ್ಯುತ್ತಿನೊಳಗಿನ ನೀರು

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ವಿಜಯಪುರದ ಯಾವ ಕಾಲೇಜು, ಆಸ್ಪತ್ರೆ, ಬ್ಯಾಂಕು ಅಥವಾ ಮಂಗಲ ಕಾರ್ಯಾಲಯದ ಲೆಕ್ಕ ತೆಗೆದು ನೋಡಿದರೂ ಲೈಟ್ ಬಿಲ್ಲು ಒಂದು ಕಡತದಲ್ಲಿರುತ್ತದೆ, ನೀರಿನ ಕರ ಮತ್ತು ಟ್ಯಾಂಕರಿನ ಚೀಟಿಗಳು ಇನ್ನೊಂದರಲ್ಲಿರುತ್ತವೆ. ಮೊದಲನೆಯದು ಎಲೆಕ್ಟ್ರಿಷಿಯನ್ ಪಾಲಿನದು, ಎರಡನೆಯದು ಪ್ಲಂಬರ್ ಪಾಲಿನದು. ಪಂಪು ಸುಟ್ಟ ದಿನ ಮಾತ್ರ ಇಬ್ಬರೂ ಎದುರುಬದುರು ನಿಂತು ಮಾತಾಡುತ್ತಾರೆ. ನಮ್ಮ ಜಿಲ್ಲೆಯ ಮಟ್ಟಿಗೆ ಈ ಎರಡು ಖರ್ಚುಗಳನ್ನು ಬೇರೆ ಬೇರೆಯಾಗಿ ನೋಡುವುದೇ ದುಂದಿನ ಮೂಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಲೆಕ್ಕದ ಮೂಲಕವೇ ಹೇಳುತ್ತೇನೆ.

ನಗರಕ್ಕೆ ಕೃಷ್ಣೆಯ ನೀರು ಆಲಮಟ್ಟಿ ಹಿನ್ನೀರಿನ ದಂಡೆಯ ಕೊಲ್ಹಾರದ ಕಡೆಯಿಂದ ಬರುತ್ತದೆ. ಆಲಮಟ್ಟಿ ಜಲಾಶಯ ತುಂಬಿ ನಿಂತಾಗಲೂ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ವಿಜಯಪುರ ನಗರ ಇರುವುದು ಸುಮಾರು 590 ಮೀಟರ್ ಎತ್ತರದಲ್ಲಿ. ಅಂದರೆ ನಾವು ಬಳಸುವ ನದಿಯ ನೀರು ತಾನಾಗಿ ಹರಿದು ಬಂದದ್ದಲ್ಲ, ಪಂಪಿನ ಬಲದಿಂದ ಮೇಲೇರಿ ಬಂದದ್ದು. ಅದು ಕಟ್ಟಡದ ಸಂಪಿಗೆ ಬಿದ್ದ ಮೇಲೆ ಮಾಳಿಗೆಯ ಟ್ಯಾಂಕಿಗೆ ಮತ್ತೊಮ್ಮೆ ಏರಬೇಕು. ಬೋರ್‌ವೆಲ್ ನೀರಿನ ಸ್ಥಿತಿ ಇನ್ನೂ ಕಠಿಣ. 150 ಮೀಟರ್ ಆಳದಿಂದ ಸಾವಿರ ಲೀಟರ್ ನೀರನ್ನು ಎತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾಗುವುದು 0.4 ಯೂನಿಟ್, ಆದರೆ ಪಂಪು ಮತ್ತು ಮೋಟರು ಸೇರಿ ಶೇಕಡಾ 40ರಷ್ಟು ದಕ್ಷತೆಯಲ್ಲಿ ನಡೆದರೆ ಅದೇ ಕೆಲಸಕ್ಕೆ ಒಂದು ಯೂನಿಟ್ ಹಿಡಿಯುತ್ತದೆ. ಹಳೆಯದಾಗಿ, ನಾಲ್ಕಾರು ಸಲ ರಿವೈಂಡ್ ಆದ ಮೋಟರಿನಿಂದ ಅಷ್ಟನ್ನೂ ನಿರೀಕ್ಷಿಸಲಾಗದು.

ಈಗ ಇದನ್ನೇ ತಿರುಗಿಸಿ ನೋಡೋಣ. ನಮ್ಮದೇ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದೆ, ಅದಕ್ಕೆ ಬೇಕಾದ ನೀರು ಇದೇ ಕೃಷ್ಣೆಯದು. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಹೊರಡಿಸಿದ ನಿಯಮದಂತೆ, ಆಗಲೇ ಇದ್ದ ಉಷ್ಣ ಸ್ಥಾವರಗಳು ಒಂದು ಮೆಗಾವಾಟ್ ಗಂಟೆಗೆ, ಅಂದರೆ ಸಾವಿರ ಯೂನಿಟ್ ವಿದ್ಯುತ್ತಿಗೆ, ಗರಿಷ್ಠ 3.5 ಘನ ಮೀಟರ್ ನೀರು ಬಳಸಬಹುದು. ಯೂನಿಟ್ಟಿಗೆ ಇಳಿಸಿದರೆ ಮೂರೂವರೆ ಲೀಟರ್. ಹೀಗೆ ನಳ ಸುಮ್ಮನೆ ಸುರಿದರೆ ವಿದ್ಯುತ್ತು ಹೋಗುತ್ತದೆ, ಫ್ಯಾನು ಸುಮ್ಮನೆ ತಿರುಗಿದರೆ ನೀರು ಹೋಗುತ್ತದೆ.

ಇನ್ನೂರು ಫ್ಯಾನುಗಳಿರುವ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಹಳೆಯ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ, ಬ್ರಷ್ ಇಲ್ಲದ ಡಿಸಿ ಮೋಟರಿನ ಹೊಸದು ಸುಮಾರು 30. ದಿನಕ್ಕೆ ಎಂಟು ತಾಸು, ವರ್ಷಕ್ಕೆ 200 ದಿನ ನಡೆದರೆ ಉಳಿಯುವುದು 14,400 ಯೂನಿಟ್. ಅದರ ಜೊತೆಗೆ ಸ್ಥಾವರದಲ್ಲಿ 50,000 ಲೀಟರ್‌ವರೆಗೆ ನೀರೂ ಉಳಿಯುತ್ತದೆ. ಕಾಲೇಜಿನ ಯಾವ ನೀರಿನ ಮೀಟರಿನಲ್ಲಿಯೂ ಈ ನೀರು ಕಾಣುವುದಿಲ್ಲ.

ಬೇಸಿಗೆ ಬಂತೆಂದರೆ ನಮ್ಮಲ್ಲಿ ಒಂದು ವಾದ ತಪ್ಪದೆ ಏಳುತ್ತದೆ: ಕೂಲರ್ ನೀರು ಕುಡಿಯುತ್ತದೆ, ಏಸಿ ಕರೆಂಟು ಕುಡಿಯುತ್ತದೆ, ನೀರಿಲ್ಲದ ಊರಿಗೆ ಏಸಿಯೇ ಲೇಸು ಎಂದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್‌ನಷ್ಟು ಶಾಖವನ್ನು ಹೀರುತ್ತದೆ. ಅಷ್ಟು ಶಾಖವನ್ನು ಹೊರಹಾಕಲು ಉತ್ತಮ ಏಸಿಗೆ ಸುಮಾರು 0.2 ಯೂನಿಟ್ ವಿದ್ಯುತ್ತು ಬೇಕು, ಆ ವಿದ್ಯುತ್ತಿಗಾಗಿ ಉಷ್ಣ ಸ್ಥಾವರದಲ್ಲಿ ಮುಕ್ಕಾಲು ಲೀಟರಿನ ಸಮೀಪ ನೀರು ಖರ್ಚಾಗಬಹುದು. ಕೂಲರಿನ ತಂಪಿನಲ್ಲಿ ಒಂದಿಷ್ಟು ಹೊರಗಿನ ಬಿಸಿ ಗಾಳಿಯನ್ನು ಇಳಿಸುವುದಕ್ಕೇ ವ್ಯಯವಾಗುವುದರಿಂದ ಅದರ ನೀರಿನ ಲೆಕ್ಕ ತುಸು ಮೇಲೇರುತ್ತದೆ ಎಂಬುದನ್ನು ಒಪ್ಪೋಣ. ಆದರೂ ಏಸಿಗೆ ನೀರೇ ಬೇಡ ಎಂಬ ಮಾತು ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಒಣ ಗಾಳಿಯಲ್ಲಿ, ಬಾಗಿಲು ದಿನವಿಡೀ ತೆರೆದೇ ಇರುವ ಹೊರರೋಗಿ ವಿಭಾಗ, ಕಚೇರಿಯ ಪಡಸಾಲೆ, ಖಾನಾವಳಿಗಳಿಗೆ ಕೂಲರೇ ತಕ್ಕದ್ದು. ಶಸ್ತ್ರಚಿಕಿತ್ಸಾ ಕೊಠಡಿ, ಪ್ರಯೋಗಾಲಯ, ಬ್ಯಾಂಕಿನ ಸರ್ವರ್ ಕೋಣೆಗೆ ಏಸಿ ಅನಿವಾರ್ಯ. ಅಲ್ಲಿಯೂ ಕೋಣೆಗೆ ತಕ್ಕ ಉಷ್ಣಾಂಶವನ್ನು ಮಾತ್ರ ಇಡಬೇಕು. ಅಧಿಕಾರಿಗಳ ಕೋಣೆಯ 18 ಡಿಗ್ರಿಗೆ ಅಂಥ ಯಾವ ಸಮರ್ಥನೆಯೂ ಇಲ್ಲ. ಸ್ಟಾರ್ ಗುರುತಿನ ಏಸಿಗಳು 2020ರಿಂದ 24 ಡಿಗ್ರಿಗೆ ಹೊಂದಿಸಿಯೇ ಬರುತ್ತವೆ; ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಕಾಂಕ್ರೀಟ್ ಮಾಳಿಗೆಗೆ ಬಿಳಿ ಬಣ್ಣ ಬಳಿಸದೆ, ಪಶ್ಚಿಮದ ಕಿಟಕಿಗೆ ನೆರಳು ಕೊಡದೆ ಒಂದು ಟನ್ನಿನ ಏಸಿಯ ಜಾಗಕ್ಕೆ ಎರಡು ಟನ್ನಿನದನ್ನು ತರುವ ಸಂಸ್ಥೆಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ನೀರಿನ ಕಡೆ ಬರುವುದಾದರೆ, ಆದಿಲ್‌ಶಾಹಿ ಕಾಲದವರು ತೊರವಿ ಮತ್ತು ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ತಂದರು. ದಾರಿಯುದ್ದಕ್ಕೂ ಅವರು ಕಟ್ಟಿದ ಗಂಜ್ ಎಂಬ ಗೋಪುರಗಳನ್ನು ಈಗಲೂ ನೋಡಬಹುದು. ನೀರಿನ ಒತ್ತಡವನ್ನು ಮುರಿಯುವುದು, ಹೂಳನ್ನು ತಳಕ್ಕಿಳಿಸುವುದು ಆ ಗೋಪುರಗಳ ಕೆಲಸ. ಒತ್ತಡ ಮುರಿಯುವ ಆ ವಿವೇಕ ನಮ್ಮ ನಾಲ್ಕಂತಸ್ತಿನ ಕಟ್ಟಡಗಳಲ್ಲಿ ಕಾಣುವುದಿಲ್ಲ. ಮೇಲಿನ ಮಹಡಿಯ ನಳದ ಮೇಲೆ ನಾಲ್ಕು ಮೀಟರ್ ನೀರಿನ ಭಾರವಿದ್ದರೆ ನೆಲಮಹಡಿಯ ನಳದ ಮೇಲೆ ಹದಿನಾರು ಮೀಟರ್ ಇರುತ್ತದೆ. ಒತ್ತಡ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟಾಗುತ್ತದೆ. ಕೆಳಗಿನ ಮಹಡಿಯ ಕೊಳವೆಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿದರೆ, ಕೈ ತೊಳೆಯುವವರು ಯಾವ ಉಪದೇಶವೂ ಇಲ್ಲದೆ ಅರ್ಧದಷ್ಟೇ ನೀರು ಬಳಸುತ್ತಾರೆ.

ನಳದ ಬಾಯಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಜಾಳಿಗೆ, ಹಾಕಿದರೆ ನಿಮಿಷಕ್ಕೆ ಹತ್ತು ಲೀಟರ್ ಮೀರಿ ಸುರಿಯುವ ನಳವನ್ನು ಮೂರು ಲೀಟರಿಗೆ ಇಳಿಸಬಹುದು ಎಂಬುದು ಎಷ್ಟೋ ಸಂಸ್ಥೆಗಳಿಗೆ ಗೊತ್ತು. ಹಾಕಿಸಿಯೂ ಇರುತ್ತಾರೆ. ಆದರೆ ನಮ್ಮ ಬೋರ್‌ವೆಲ್‌ಗಳ ಗಡಸು ನೀರಿಗೆ ಅದರ ಜಾಳಿಗೆ ಕೆಲವೇ ತಿಂಗಳಲ್ಲಿ ಸುಣ್ಣ ಕಟ್ಟುತ್ತದೆ, ನೀರು ಬರಲಿಲ್ಲವೆಂದು ಯಾರೋ ಅದನ್ನು ತಿರುವಿ ತೆಗೆದೆಸೆಯುತ್ತಾರೆ. ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಿದರೆ ಆ ಸುಣ್ಣ ಬಿಡುತ್ತದೆ. ಇಂಡಿ ತಾಲೂಕಿನ ನಿಂಬೆ ಬೆಳೆಯುವ ಜಿಲ್ಲೆಯಲ್ಲಿ ಇದೇನೂ ದುಬಾರಿ ಮದ್ದಲ್ಲ. ಇದೇ ಸುಣ್ಣ ಹಾಸ್ಟೆಲಿನ ಗೀಸರಿನ ಕಾಯಿಲಿನ ಮೇಲೂ ಕೂತು ನೀರು ನಿಧಾನವಾಗಿ ಕಾಯುವಂತೆ ಮಾಡುತ್ತದೆ, ಕಾಯಿಲನ್ನು ಬೇಗ ಸುಡುತ್ತದೆ.

ಕಣ್ಣಿಗೆ ಬೀಳದ ಸೋರಿಕೆಯನ್ನು ಹಿಡಿಯಲು ಎರಡು ಉಪಾಯ ಸಾಕು. ಕಚೇರಿ ಮುಚ್ಚುವಾಗ ನೀರಿನ ಮೀಟರು ಓದಿಕೊಂಡು, ಬೆಳಿಗ್ಗೆ ಯಾರೂ ನಳ ತಿರುಗಿಸುವ ಮುನ್ನ ಮತ್ತೆ ಓದಬೇಕು. ಶೌಚಾಲಯದ ಫ್ಲಶ್ ತೊಟ್ಟಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬಿಟ್ಟು, ಹದಿನೈದು ನಿಮಿಷದಲ್ಲಿ ಕೆಳಗಿನ ಬೇಸಿನ್ನಿಗೆ ಬಣ್ಣ ಇಳಿಯಿತೇ ಎಂದು ನೋಡಬೇಕು. ಇಳಿದರೆ ಅದರ ರಬ್ಬರ್ ವಾಷರ್ ಸವೆದಿದೆ ಎಂದರ್ಥ. ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೆ ಹೆಚ್ಚಿನ ಮಹತ್ವವಿದೆ, ಏಕೆಂದರೆ ನೂರಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗೆ ರಾಷ್ಟ್ರೀಯ ಮಾನದಂಡದ ಪ್ರಕಾರವೇ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್ ನೀರು ಬೇಕು. ಮುನ್ನೂರು ಹಾಸಿಗೆಗೆ ಅದು 1.35 ಲಕ್ಷ ಲೀಟರ್. ಅಷ್ಟನ್ನೂ ಆಳದ ಬೋರ್‌ವೆಲ್‌ನಿಂದ ಎತ್ತಿದರೆ ದಿನಕ್ಕೆ ನೂರಕ್ಕೂ ಮೀರಿದ ಯೂನಿಟ್‌ಗಳು ಪಂಪಿಗೇ ಹೋಗುತ್ತವೆ.

ಮಳೆಯ ನೀರಿನ ವಿಷಯ ಇಲ್ಲಿಗೇ ಸೇರುತ್ತದೆ. ಸಾವಿರ ಚದರ ಮೀಟರ್ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಐದನೆಯ ಒಂದು ಪಾಲು ವ್ಯರ್ಥವಾದರೂ 4.8 ಲಕ್ಷ ಲೀಟರ್ ದೊರೆಯುತ್ತದೆ. ತಲಾ 45 ಲೀಟರಿನಂತೆ ನೂರು ಜನರ ಕಚೇರಿಗೆ ಇದು ನೂರು ದಿನಗಳಿಗೂ ಮೀರುವಷ್ಟು. ಪೂರ್ತಿ ಕೂಡಿಡುವ ತೊಟ್ಟಿ ಕಟ್ಟಲಾಗದಿದ್ದರೆ ಉಳಿದದ್ದನ್ನು ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡಬಹುದು. ಈ ನೀರು ಮೃದು, ಗೀಸರಿಗೂ ಏರೇಟರಿಗೂ ಹಿತವಾದದ್ದು.

ಸೌರ ಫಲಕಗಳನ್ನು ನಾನು ಬೇಕೆಂದೇ ಹಿಂದೆ ಇಟ್ಟುಕೊಂಡೆ. ಉದ್ಘಾಟನೆಗೆ ಒಪ್ಪುವ ವಸ್ತುವಾದ್ದರಿಂದ ಸಂಸ್ಥೆಗಳು ಅದನ್ನೇ ಮೊದಲು ತರುತ್ತವೆ. ಸೋರಿಕೆ ನಿಲ್ಲಿಸಿ, ಫ್ಯಾನು, ದೀಪ, ಪಂಪು ಬದಲಿಸಿದ ಮೇಲೆ ಒಂದು ವರ್ಷದ ಬಿಲ್ಲು ನೋಡಿ ಫಲಕಗಳ ಸಾಮರ್ಥ್ಯ ನಿರ್ಧರಿಸಿದರೆ ಬಂಡವಾಳ ಎಷ್ಟೋ ಕಡಿಮೆಯಾಗುತ್ತದೆ. ಒಂದು ಕಿಲೋವಾಟಿಗೆ ಸುಮಾರು ಹತ್ತು ಚದರ ಮೀಟರ್ ಜಾಗ ಬೇಕು, ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. ನಮ್ಮ ಧೂಳಿನಲ್ಲಿ ಫಲಕಗಳನ್ನು ಆಗಾಗ ತೊಳೆಯಲೇಬೇಕು, ಅದಕ್ಕೂ ನೀರು ಬೇಕು. ಗಡಸು ನೀರಿನಲ್ಲಿ ತೊಳೆದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಆದ್ದರಿಂದ ಸೂರ್ಯ ಏರುವ ಮುನ್ನ, ಫಲಕಗಳು ತಂಪಾಗಿರುವಾಗ, ಕೂಡಿಟ್ಟ ಮಳೆನೀರಿನಿಂದ ತೊಳೆದು, ಜಾರಿ ಬರುವ ನೀರು ಗಿಡಗಳ ಪಾತಿಗೆ ಇಳಿಯುವಂತೆ ಫಲಕಗಳ ಕೆಳ ಅಂಚಿಗೆ ನೀರು ಹರಿಯುವ ಒಂದು ದೋಣಿಯನ್ನು ಕೂಡಿಸುವ ಕೆಲಸವನ್ನು ಗುತ್ತಿಗೆಯ ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ನಮಸ್ಕಾರ.